ಬೀಗ ಹಾಕಿರೋ ವಿಕಲಚೇತನರ ಟಾಯ್ಲೆಟ್‌ಗಳು: ಬೆಂಗ್ಳೂರಲ್ಲಿ ಕೀ ಯಾರ ಹತ್ರ ಇರುತ್ತೆ?

ಚಕ್ರಧಾರಿ:
ಎಲ್ಲರಿಗೂ ನಮಸ್ಕಾರ. ಬೆಂಗ್ಳೂರಲ್ಲಿ ವ್ಹೀಲ್‌ಚೇರ್ ಹೋಗೋ ಪಬ್ಲಿಕ್ ಟಾಯ್ಲೆಟ್ಟೇ ಇಲ್ಲ ಅಂತ ಪ್ರತಿ ವರ್ಷ ಡಿಸೆಂಬರ್ 3ಕ್ಕೆ, ವಿಶ್ವ ವಿಕಲಚೇತನರ ದಿನಕ್ಕೆ, ಎಲ್ಲರೂ ಬರೀತಾರೆ, ನಾನು ಅದನ್ನ ಹೇಳೋಕೆ ಬಂದಿಲ್ಲ. ಇದೆ ಸ್ವಾಮಿ. ಬಸ್ ಸ್ಟ್ಯಾಂಡಲ್ಲಿದೆ, ಪಾರ್ಕ್ ಪಕ್ಕ ಇದೆ, ಮಾರ್ಕೆಟ್ ಹಿಂದೆ ಇದೆ, ನೀಲಿ ಬೋರ್ಡು, ಚಕ್ರದ ಚಿತ್ರ, ಎಲ್ಲಾ ಅಚ್ಚುಕಟ್ಟು. ಬಾಗಿಲಿಗೆ ಬೀಗ. ಕೀ ಕೇಳಿದ್ರೆ ಕೌಂಟರಲ್ಲಿ ಕೂತಿರೋ ಹುಡುಗ ಸೂಪರ್‌ವೈಸರ್ ಹತ್ರ ಇದೆ ಸಾರ್ ಅಂತಾನೆ, ಸೂಪರ್‌ವೈಸರ್‌ಗೆ ಫೋನ್ ಹಚ್ಚಿದ್ರೆ ಅವ್ನು ಇನ್ಯಾವುದೋ ಏರಿಯಾದಲ್ಲಿರ್ತಾನೆ. ಒಂದ್ಕಡೆ ಜಗಳ ಆಡಿ ತೆಗೆಸಿದ್ದೆ, ಒಳಗೆ ಫಿನಾಯಿಲ್ ಕ್ಯಾನು, ಕಡ್ಡಿ ಪೊರಕೆ, ಒಡೆದ ಬಕೆಟ್ಟು, ಗೋಡೆಗೆ ಒರಗಿಸಿಟ್ಟ ಯಾವುದೋ ಫ್ಲೆಕ್ಸ್ ಬೋರ್ಡು, ಕಮೋಡ್ ಮೇಲೆ ಸಿಮೆಂಟ್ ಚೀಲ. ಬೋರ್ಡು ಮಾತ್ರ ಹೊಸದು.

ನನಗೆ ಬೆನ್ನುಹುರಿಗೆ ಪೆಟ್ಟಾಗಿರೋದು, ನಾಕೈದು ಗಂಟೆಗೊಮ್ಮೆ ಕ್ಯಾಥೆಟರ್ (ಮೂತ್ರ ತೆಗೆಯೋ ಸಣ್ಣ ಕೊಳವೆ) ಹಾಕ್ಕೊಂಡು ಖಾಲಿ ಮಾಡ್ಕೊಳ್ಳೇಬೇಕು, ತಡ್ಕೊಳ್ಳೋ ಪ್ರಶ್ನೆನೇ ಇಲ್ಲ, ತಡವಾದ್ರೆ ಕಿಡ್ನಿಗೆ ಹೊಡೆತ. ಅದಕ್ಕೆ ಮನೆಯಿಂದ ಹೊರಡೋ ದಿನ ನಮ್ಮಂಥವರು ಮೊದಲು ಮಾಡೋ ಕೆಲಸ ನೀರು ಕುಡಿಯೋದು ನಿಲ್ಸೋದು, ಅದೂ ಇನ್ಫೆಕ್ಷನ್‌ಗೆ ದಾರಿ. ನನ್ನ ಪ್ರಶ್ನೆ ಇಷ್ಟೇ, ದುಡ್ಡು ಖರ್ಚು ಮಾಡಿ ಕಟ್ಟಿದ ಮೇಲೆ ಬೀಗ ಯಾಕೆ ಹಾಕ್ತಾರೆ? ಟೆಂಡರ್, ಮೇಂಟೆನೆನ್ಸ್ ಒಳಗಿನ ಕತೆ ಗೊತ್ತಿರೋರು ಯಾರಾದ್ರೂ ಇದ್ರೆ ಬರೀರಿ.

ಮೀಟರ್ ಮಂಜ:
ಅಣ್ಣೋ ಕಾಲಿರೋ ನಮ್ಗೇ ಕಷ್ಟ ಐತೆ, ಗಂಡಸರು ಗೋಡೆ ನೋಡ್ಕೊತೀವಿ ಬುಡು. ಆಸ್ಪತ್ರೆ ಕಡೆಯಿಂದ ಪ್ಯಾಸೆಂಜರ್ ಹತ್ತುಸ್ಕೊಂಡ್ರೆ ವಯಸ್ಸಾದೋರು ದಾರೀಲಿ ಎಲ್ಲಾರ ನಿಲ್ಸಪ್ಪ ಅಂತಾರೆ, ಎಲ್ಲಿ ನಿಲ್ಸನ ನೀನೇ ಹೇಳು. ಕೊನೇಗೆ ಯಾವುದಾರ ಪೆಟ್ರೋಲ್ ಬಂಕಿಗೆ ತಗೊಂಡೋಗ್ತೀನಿ.

ತಿಂಡಿಪೋತ:
ಬೇಜಾರು ಮಾಡ್ಕೋಬೇಡಿ ಆದ್ರೆ ಬೀಗ ಹಾಕೋದ್ರಲ್ಲಿ ತಪ್ಪೇನಿದೆ ಅಂತ ನಂಗನ್ಸುತ್ತೆ. ಓಪನ್ ಬಿಟ್ರೆ ರಾತ್ರಿ ಕುಡುಕರು ಹೋಗಿ ಮಲಗ್ತಾರೆ, ನಲ್ಲಿ ಕದೀತಾರೆ, ಆ ಸ್ಟೀಲ್ ಹಿಡಿಕೆ ಇರುತ್ತಲ್ಲ ಅದನ್ನೂ ಕಿತ್ಕೊಂಡು ಗುಜರಿಗೆ ಹಾಕ್ತಾರೆ. ಕಾಯಿನ್ ಹಾಕೋ ಇ-ಟಾಯ್ಲೆಟ್ ನಿಲ್ಸಿದ್ರಲ್ಲ ಊರೆಲ್ಲಾ, ಅದರ ಗತಿ ನೋಡಿದೀವಿ, ಎಷ್ಟೋ ಕಡೆ ಬಾಗಿಲೇ ತೆಗಿಯಲ್ಲ ಈಗ. ನಮ್ಮ ಜನಕ್ಕೆ ಸಿವಿಕ್ ಸೆನ್ಸ್ ಇಲ್ದೆ ಸರ್ಕಾರ ಏನು ಮಾಡುತ್ತೆ.

ಚಕ್ರಧಾರಿ:
@ತಿಂಡಿಪೋತ ಕುಡುಕರು ಪಕ್ಕದ ಗಂಡಸರ ಟಾಯ್ಲೆಟ್‌ಗೂ ಹೋಗ್ತಾರಲ್ವಾ ಸರ್, ಅದಕ್ಕೆ ಯಾಕೆ ಬೀಗ ಇಲ್ಲ? ನಲ್ಲಿ ಅಲ್ಲೂ ಇದೆ. ನನಗನ್ಸೋದು ದುಡ್ಡಿನ ಕತೆ. ಇವೆಲ್ಲ ಪೇ ಆಂಡ್ ಯೂಸ್, ತಲೆಗೆ ಇಷ್ಟು ಅಂತ ಕಲೆಕ್ಷನ್. ಗಂಡಸರ ಕಡೆ ದಿನಕ್ಕೆ ನೂರಾರು ಜನ, ನಮ್ಮ ರೂಮಿಗೆ ದಿನಕ್ಕೆ ಒಬ್ಬ ಬಂದ್ರೆ ಹೆಚ್ಚು, ಅವನ ಹತ್ರ ದುಡ್ಡು ಕೇಳೋಕೂ ಮುಜುಗರ. ಅಂದ್ರೆ ಆ ರೂಮು ಗುತ್ತಿಗೆದಾರನ ಲೆಕ್ಕದಲ್ಲಿ ಬರೀ ಜಾಗ ತಿನ್ನೋದು, ಸ್ಟೋರ್ ರೂಮ್ ಆಗದೆ ಇನ್ನೇನಾಗುತ್ತೆ.

ಅಮ್ಮನ ಡ್ರೈವರ್:
ನಮ್ಮಮ್ಮಂಗೆ ಸ್ಟ್ರೋಕ್ ಆಗಿದೆ, ಎಡಗಡೆ ಸ್ವಾಧೀನ ಕಮ್ಮಿ, ಹಿಡ್ಕೊಂಡ್ರೆ ನಡೀತಾರೆ. ಅಪ್ಪ ಇಲ್ಲ, ಮನೇಲಿ ನಾನೊಬ್ನೇ. ಹೊರಗೆ ಹೋದಾಗ ನಾನು ಅವರನ್ನ ಹೆಂಗಸರ ಕಡೆ ಕರ್ಕೊಂಡು ಹೋದ್ರೆ ಒಳಗಿರೋರು ಕೂಗ್ತಾರೆ, ನ್ಯಾಯವೇ, ಗಂಡಸರ ಕಡೆ ಅವರು ಬರಲ್ಲ, ಸತ್ರೂ ಬರಲ್ಲ. ವಿಕಲಚೇತನರ ಟಾಯ್ಲೆಟ್ ಇದ್ರೂ ಬಹಳ ಕಡೆ ಅದನ್ನ ಲೇಡೀಸ್ ಸೆಕ್ಷನ್ ಒಳಗೊಂದು ಜೆಂಟ್ಸ್ ಸೆಕ್ಷನ್ ಒಳಗೊಂದು ಅಂತ ಮಾಡಿರ್ತಾರೆ, ನೋಡ್ಕೊಳ್ಳೋರು ಬೇರೆ ಲಿಂಗದೋರಾದ್ರೆ ಎಲ್ಲಿಗೆ ಹೋಗ್ಬೇಕು ಅನ್ನೋ ಯೋಚ್ನೆನೇ ಯಾರೂ ಮಾಡಿಲ್ಲ. ಹೊರಗಿಂದ್ಲೇ ನೇರ ಬಾಗಿಲು ಇರೋ, ಇಬ್ಬರು ಹೋಗೋ ಥರದ್ದು ಒಂದೇ ಒಂದು ಸಾಕು. ಗುರುತಿರೋ ಬಟ್ಟೆ ಅಂಗಡಿಯವರೊಬ್ರು ಸ್ಟಾಫ್ ಟಾಯ್ಲೆಟ್ ಬಿಟ್ಕೊಡ್ತಾರೆ, ಅಮ್ಮ ಪಾಪ ಸಂಕೋಚಕ್ಕೆ ಪ್ರತಿ ಸಲ ಒಂದು ಬ್ಲೌಸ್ ಪೀಸ್ ತಗೊಂಡು ಬರ್ತಾರೆ, ಮನೇಲಿ ಈಗ ಬ್ಲೌಸ್ ಪೀಸ್ ರಾಶಿ 😀

ಸಿವಿಲ್ ಸೀನಪ್ಪ:
ನಾನು ಇಂಥ ಕೆಲಸ ಮಾಡಿಸಿರೋನು, ಸಬ್ ಕಾಂಟ್ರಾಕ್ಟಲ್ಲಿ. ಬೈಬೇಡಿ, ಇರೋದು ಹೇಳ್ತೀನಿ. ಬೀಗದ ವಿಷಯ ಆಮೇಲೆ, ಬೀಗ ತೆಗೆದ್ರೂ ಮುಕ್ಕಾಲು ಪಾಲು ಟಾಯ್ಲೆಟ್ ಒಳಗೆ ಇವರ ಚೇರ್ ಹೋಗಲ್ಲ, ಹೋದ್ರೂ ತಿರುಗಲ್ಲ.

ಮೊದಲು ಪ್ಲಿಂತ್, ಅಂದ್ರೆ ರೋಡಿಂದ ಕಟ್ಟಡದ ನೆಲ ಇರೋ ಎತ್ತರ. ಟಾಯ್ಲೆಟ್ ನೆಲ ಯಾಕೆ ಅಷ್ಟು ಎತ್ತರ ಇರುತ್ತೆ ಅಂದ್ರೆ ಯುಜಿಡಿ (ಒಳಚರಂಡಿ) ಲೈನಿಗೆ ಸ್ಲೋಪ್ ಸಿಗ್ಬೇಕು, ಮ್ಯಾನ್‌ಹೋಲ್ ಲೆವೆಲ್ ನೋಡ್ಕೊಂಡು ನೆಲ ಎತ್ತರಿಸ್ತೀವಿ. ಮೇಲಾಗಿ ನಮ್ಮ ರೋಡುಗಳು ಪ್ರತಿ ಸಲ ಟಾರ್ ಹಾಕಿದಾಗ್ಲೂ ಎರಡು ಮೂರು ಇಂಚು ಮೇಲೇಳ್ತವೆ, ಮಳೆ ನೀರು ಒಳಗೆ ನುಗ್ಗುತ್ತೆ ಅಂತ ಇನ್ನೊಂದು ಅರ್ಧ ಅಡಿ ಸೇರಿಸ್ತೀವಿ. ಹಿಂಗೆ ಎರಡಡಿ ಆಯ್ತು ಅನ್ಕೊಳ್ಳಿ. ರ‍್ಯಾಂಪ್ ರೂಲ್ 1:12, ಒಂದಡಿ ಏರೋಕೆ 12 ಅಡಿ ಉದ್ದ, ಅಂದ್ರೆ ಎರಡಡಿಗೆ 24 ಅಡಿ, ತಿರುವಿದ್ರೆ ಅಲ್ಲಿ ಸಮತಟ್ಟಾದ ಲ್ಯಾಂಡಿಂಗ್ ಬೇರೆ. ಫುಟ್‌ಪಾತ್ ಮೇಲೆ ಸೈಟೇ ಇರೋದು 15 ಅಡಿ, 24 ಅಡಿ ಎಲ್ಲಿಂದ ತರೋದು? ಡ್ರಾಯಿಂಗಲ್ಲಿ ರ‍್ಯಾಂಪ್ ಅಂತ ಬರೆದಿದೆ, ಬಿಲ್ ಆಗ್ಬೇಕು, ಸಿಕ್ಕ ಜಾಗದಲ್ಲಿ ಆರಡಿ ಉದ್ದಕ್ಕೆ ಜಾರುಬಂಡೆ ಥರ ಒಂದು ಹಾಕಿ ಫೋಟೋ ಹೊಡೆದು ಕಳಿಸ್ತಾರೆ. ಅದ್ರ ಮೇಲೆ ಹತ್ತೋಕೆ ಇಬ್ಬರು ತಳ್ಬೇಕು, ಇಳಿಯೋವಾಗ ದೇವರೇ ಗತಿ.

ಎರಡನೇದು ಬಾಗಿಲು. ಸೆಂಟ್ರಲ್ ಗವರ್ಮೆಂಟ್ ಗೈಡ್‌ಲೈನ್ಸ್ ಇದೆ, 2016ರದ್ದು ಒಂದು, 2021ರಲ್ಲಿ ಪರಿಷ್ಕರಿಸಿದ್ದು ಒಂದು. ಬಾಗಿಲ ತೆರಪು 900 ಮಿಲಿಮೀಟರ್ ಕ್ಲಿಯರ್ ಬೇಕು, ಹೊರಗಡೆ ತೆಗಿಬೇಕು ಇಲ್ಲ ಸ್ಲೈಡಿಂಗ್ ಇರ್ಬೇಕು, ಒಳಗೆ ಕಮ್ಮಿ ಅಂದ್ರೂ 2.2 ಮೀಟರ್ × 2 ಮೀಟರ್. ಅಂಗಡೀಲಿ ಸಿಗೋ ರೆಡಿಮೇಡ್ ಪಿವಿಸಿ ಟಾಯ್ಲೆಟ್ ಡೋರು ಎರಡೂವರೆ ಅಡಿ, ಫ್ರೇಮ್ ಹೋದ್ರೆ ಇನ್ನೂ ಕಮ್ಮಿ. ಸ್ಟಾಕಲ್ಲಿರೋದೇ ತಂದು ಹಾಕ್ತಾರೆ, ಅದೂ ಒಳಗಡೆ ತೆಗಿಯೋ ಥರ. ಚೇರ್ ಒಳಗೆ ಹೋದ್ರೆ ಬಾಗಿಲು ಮುಚ್ಚಲ್ಲ.

ಮೂರನೇದು ಹಿಡಿಕೆ, ಗ್ರ‍್ಯಾಬ್ ಬಾರ್. ಇದನ್ನ ಕೇಳಿ. ಗೋಡೆ ಹಾಲೋ ಬ್ಲಾಕ್‌ದು, ಅದಕ್ಕೆ ಪ್ಲಾಸ್ಟಿಕ್ ಗಿಟ್ಟಿ ಹೊಡೆದು ಎರಡು ಸ್ಕ್ರೂ. ಟವೆಲ್ ನೇತು ಹಾಕೋಕೆ ಸರಿ. ಎಪ್ಪತ್ತು ಕೇಜಿ ಮನುಷ್ಯ ಪೂರ್ತಿ ತೂಕ ಬಿಟ್ಟು ಚೇರಿಂದ ಕಮೋಡಿಗೆ ಎತ್ಕೊಂಡಾಗ ಟೈಲ್ಸ್ ಸಮೇತ ಕಿತ್ಕೊಂಡು ಬರುತ್ತೆ. ಆ ಜಾಗದಲ್ಲಿ ಗಟ್ಟಿ ಬ್ಲಾಕ್ ಇಟ್ಟು ಕಾಂಕ್ರೀಟ್ ತುಂಬಿ ಆಂಕರ್ ಬೋಲ್ಟ್ ಹಾಕ್ಬೇಕು, ಗೋಡೆ ಕಟ್ಟೋವಾಗ್ಲೇ ಮೇಸ್ತ್ರಿಗೆ ಹೇಳಿರ್ಬೇಕು. ಯಾರೂ ಹೇಳಲ್ಲ ಯಾಕಂದ್ರೆ ಹಿಡಿಕೆ ಬರೋದು ಕೊನೇಲಿ, ಪ್ಲಂಬರ್ ಕೈಯಲ್ಲಿ. ಕದಿಯೋದಕ್ಕಿಂತ ಹೆಚ್ಚು ಹಿಂಗೇ ಬೀಳೋದು.

ಚಕ್ರಧಾರಿ:
@ಸಿವಿಲ್ ಸೀನಪ್ಪ ಬೈಯೋದಲ್ಲ ಗುರುಗಳೇ, ಇಷ್ಟು ಬಿಡಿಸಿ ಯಾವ ಆಫೀಸರೂ ನಂಗೆ ಹೇಳಿಲ್ಲ. ಅದರ ಜೊತೆ ಒಂದಡಿ ಶೆಲ್ಫ್ ಸೇರಿಸ್ಕೊಳ್ಳಿ. ಕ್ಯಾಥೆಟರ್, ಗ್ಲೌಸ್, ಜೆಲ್ ಇಡೋಕೆ ಒಣಗಿರೋ ಜಾಗ ಇರಲ್ಲ, ತೊಡೆ ಮೇಲಿಟ್ಕೊಂಡು ಒಂದು ಕೈಯಲ್ಲಿ ಸರ್ಕಸ್. ಕೈ ತೊಳೆಯೋ ಬೇಸಿನ್ ಕೆಳಗೆ ಕಂಬ ನಿಲ್ಸಿರ್ತಾರೆ, ಮೊಣಕಾಲು ಒಳಗೆ ಹೋಗಲ್ಲ, ನಲ್ಲಿ ಕೈಗೇ ಸಿಗಲ್ಲ.

ಕುಡ್ಲದ ಮೀನು:
ನಮ್ಮಲ್ಲಿಯೂ ಇದೇ ಅವಸ್ಥೆ ಮಾರಾಯ್ರೆ. ಒಂದು ಕಡೆ ಸ್ಮಾರ್ಟ್ ಸಿಟಿ ಅಂತ ಚಂದ ಕಟ್ಟಿದ್ದಾರೆ, ಒಳಗೆ ಹೋಗ್ಲಿಕ್ಕೆ ರ‍್ಯಾಂಪ್ ಉಂಟು, ರ‍್ಯಾಂಪಿನ ಎದುರಿಗೇ ಎಂಟು ಇಂಚಿನ ಚರಂಡಿ ಕಟ್ಟೆ ಉಂಟು. ಯಾರಿಗೆ ಹೇಳುವುದು ಇದನ್ನು. ಮಳೆಗಾಲದಲ್ಲಿ ಆ ರ‍್ಯಾಂಪಿನ ಮೇಲೆ ಪಾಚಿ ಬೇರೆ.

ಅವ್ವ ಹುಬ್ಬಳ್ಳಿ:
ನಾ ಹುಬ್ಬಳ್ಳಿಯಾಕಿ, ಮಗಳ ಸಲುವಾಗಿ ಬೆಂಗಳೂರಿಗೆ ಆಗಾಗ ಆಸ್ಪತ್ರಿಗೆ ಬರ್ತೇವ್ರಿ. ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರಿಯಿಂದ ಕೈಕಾಲು ಹಿಡಿತಕ್ಕ ಸಿಗಂಗಿಲ್ಲ), ಹದಿನೇಳು ವರ್ಷದಾಕಿ ಈಗ, ಡೈಪರ್ ಹಾಕ್ತೇವಿ. ನೀವೆಲ್ಲಾ ಕಮೋಡು ಹಿಡಿಕಿ ಅಂತೀರಿ, ಖರೇ ಅದ, ಆದ್ರ ನನ್ನ ಮಗಳು ಕಮೋಡಿನ ಮ್ಯಾಲೆ ಕೂಡೂದs ಇಲ್ಲ. ಆಕಿನ್ನ ಮಲಗಸ್ಬೇಕು, ಮಲಗಿಸಿ ಬದಲಿ ಮಾಡ್ಬೇಕು. ಸಣ್ಣಾಕಿ ಇದ್ದಾಗ ತೊಡಿ ಮ್ಯಾಲೆ ಮಾಡ್ತಿದ್ದೆ, ಈಗ ಎಲ್ಲಿ ಮಲಗಸೂದ್ರಿ? ಟಾಯ್ಲೆಟ್ಟಿನ ಹಸಿ ನೆಲದ ಮ್ಯಾಲೆ ಒಂದು ಪ್ಲಾಸ್ಟಿಕ್ ಹಾಳಿ, ಅದರ ಮ್ಯಾಲೆ ಹಳೇ ಚಾದರ ಹಾಸಿ ಮಾಡೇನಿ. ಮಂದಿ ದಾಟಿಕೊಂಡು ಹೋಗ್ತಾರ. ವಯಸ್ಸಿಗೆ ಬಂದ ಹುಡುಗಿ, ತಿಂಗಳ ಮುಟ್ಟು ಬ್ಯಾರೆ ಇರ್ತದ. ರೈಲಿನ್ಯಾಗ ಅಂತೂ ಕೇಳಬ್ಯಾಡ್ರಿ. ಸಣ್ಣ ಕೂಸಿನ ಡೈಪರ್ ಬದಲಿಗೆ ಮಾಲ್‌ನ್ಯಾಗ ಮಡಚೂ ಹಲಗಿ ಅದಾವ, ದೊಡ್ಡವರಿಗೆ ಒಂದು ಬೆಂಚ್ ಯಾಕ ಇಲ್ಲ ಅಂತ ನಾ ಕೇಳೂದು.

ಲೆಸ್ಟರ್ ಕನ್ನಡಿಗ:
ಅಕ್ಕ ನೀವು ಕೇಳ್ತಿರೋದೇ ಇಲ್ಲಿ ಯುಕೆಯಲ್ಲಿ ಇದೆ, ಚೇಂಜಿಂಗ್ ಪ್ಲೇಸಸ್ ಅಂತ. 2006ರಲ್ಲಿ ತಂದೆತಾಯಿಯರು, ಸಂಘಟನೆಗಳು ಸೇರಿ ಶುರು ಮಾಡಿದ ಹೋರಾಟ. ಸುಮಾರು 12 ಚದರ ಮೀಟರ್ ರೂಮು, ದೊಡ್ಡವರು ಮಲಗೋ ಎತ್ತರ ತಗ್ಗಿಸೋ ಬೆಂಚು, ಎತ್ತೋಕೆ ಹಾಯ್ಸ್ಟ್ ಅನ್ನೋ ಯಂತ್ರ, ಕಮೋಡ್ ಎರಡೂ ಪಕ್ಕ ಜಾಗ. 2021ರಿಂದ ಇಂಗ್ಲೆಂಡಲ್ಲಿ ಹೊಸದಾಗಿ ಕಟ್ಟೋ ದೊಡ್ಡ ದೊಡ್ಡ ಪಬ್ಲಿಕ್ ಬಿಲ್ಡಿಂಗಿಗೆ ಇದು ಕಡ್ಡಾಯ. ಎಲ್ಲಾ ಕಡೆ ಇದೆ ಅಂತ ತಿಳ್ಕೋಬೇಡಿ, ಇಲ್ಲೂ ಕೌನ್ಸಿಲ್‌ಗಳು ದುಡ್ಡಿಲ್ಲ ಅಂತ ಪಬ್ಲಿಕ್ ಟಾಯ್ಲೆಟ್ ಮುಚ್ತಾನೇ ಇವೆ.

ಬೀಗದ ವಿಷಯಕ್ಕೆ ಹೇಳೋದಾದ್ರೆ ಇಲ್ಲಿ ರಾಡಾರ್ ಕೀ ಅಂತ 1981ರಿಂದ ಇದೆ. ದೇಶದಲ್ಲಿ ಸಾವಿರಾರು ಡಿಸೇಬಲ್ಡ್ ಟಾಯ್ಲೆಟ್‌ಗೆ ಒಂದೇ ಥರದ ಬೀಗ, ಒಂದೇ ಕೀ. ಒಂದು ಸಲ ತಗೊಂಡು ಕೀ ಬಂಚಿಗೆ ಹಾಕ್ಕೊಂಡ್ರೆ ಯಾರನ್ನೂ ಕೇಳ್ಬೇಕಾಗಿಲ್ಲ, ಸೀದಾ ಹೋಗಿ ತೆಗಿಯೋದು.

ತಿಂಡಿಪೋತ:
ನೋಡಿ ಮತ್ತೆ!! ನಾನು ಹೇಳಿದ್ದೂ ಇದೇ. ಬೀಗ ಇರ್ಲಿ, ಕೀ ಇವರಿಗೇ ಕೊಡ್ಲಿ. ಯುಡಿಐಡಿ ಕಾರ್ಡ್ (ಸರ್ಕಾರ ಕೊಡೋ ವಿಕಲಚೇತನರ ಗುರುತಿನ ಚೀಟಿ) ಇದ್ಯಲ್ಲ ಎಲ್ಲರ ಹತ್ರ, ಅದ್ರ ಜೊತೆ ಒಂದು ಕೀ. ಸಿಂಪಲ್.

ಚಕ್ರಧಾರಿ:
ಕೇಳೋಕೆ ಚೆನ್ನಾಗಿದೆ ಆದ್ರೆ ನಂಗೆ ಒಪ್ಪಿಗೆ ಇಲ್ಲ. ಎಲ್ಲರ ಹತ್ರ ಯುಡಿಐಡಿ ಇಲ್ಲ, ಕಾಲು ಮುರ್ಕೊಂಡು ಎರಡು ತಿಂಗಳು ವಾಕರ್ ಹಿಡಿದವನಿಗೆ ಯಾವ ಕಾರ್ಡೂ ಇಲ್ಲ, ತುಂಬು ಗರ್ಭಿಣಿಗೆ ಇಲ್ಲ, ಎಂಬತ್ತರ ಅಜ್ಜಂಗೆ ಇಲ್ಲ, ಹೊಟ್ಟೆ ಮೇಲೆ ಸ್ಟೋಮಾ ಬ್ಯಾಗ್ (ಮಲ ಮೂತ್ರ ತುಂಬೋ ಚೀಲ) ಇರೋರನ್ನ ನೋಡಿದ್ರೆ ಗೊತ್ತೇ ಆಗಲ್ಲ. ಇವ್ರೆಲ್ಲಾ ಕಾರ್ಡ್ ತೋರ್ಸಿ ಉಚ್ಚೆ ಹುಯ್ಬೇಕಾ. ಮೇಲಾಗಿ ಯುಕೆ ಬೀಗದ ಹಿಂದೆ ಕ್ಲೀನಾದ ಟಾಯ್ಲೆಟ್ ಇದೆ, ನಮ್ಮ ಬೀಗದ ಹಿಂದೆ ಸಿಮೆಂಟ್ ಚೀಲ ಇದೆ. ಕೀ ಕೊಟ್ರೆ ಚೀಲ ಹೋಗುತ್ತಾ?

ಲೆಸ್ಟರ್ ಕನ್ನಡಿಗ:
ಅದೂ ಸರಿ ಅನ್ನಿ. ಇಲ್ಲೂ ಆ ಕೀ ಆನ್‌ಲೈನಲ್ಲಿ ಯಾರು ಬೇಕಾದ್ರೂ ತಗೋತಾರೆ ಅಂತ ಕಂಪ್ಲೇಂಟ್ ಇದೆ.

ಕಾನೂನು ಕಟ್ಟೆ:
ಕಾಯ್ದೆ ಏನು ಹೇಳುತ್ತೆ ಅಂತ ಸ್ವಲ್ಪ ಹಾಕ್ತೀನಿ, ಓದೋಕೆ ಬೋರಾದ್ರೂ ಇಟ್ಕೊಳ್ಳಿ, ಆಫೀಸಿಗೆ ಹೋದಾಗ ಬೇಕಾಗುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸೆಕ್ಷನ್ 45 ಪ್ರಕಾರ ನಿಯಮಗಳು ಬಂದು 5 ವರ್ಷದೊಳಗೆ ಹಳೇ ಪಬ್ಲಿಕ್ ಬಿಲ್ಡಿಂಗ್ ಎಲ್ಲಾ ಸುಗಮ್ಯ, ಅಂದ್ರೆ ವಿಕಲಚೇತನರು ಸಲೀಸಾಗಿ ಬಳಸೋ ಥರ, ಆಗ್ಬೇಕಿತ್ತು. ನಿಯಮ ಬಂದಿದ್ದು 2017ರ ಜೂನಲ್ಲಿ, ಅಂದ್ರೆ 2022ರ ಜೂನಿಗೇ ಗಡುವು ಮುಗೀತು. ಸೆಕ್ಷನ್ 44ರಲ್ಲಿ ಈ ನಿಯಮ ಪಾಲಿಸದ ಕಟ್ಟಡಕ್ಕೆ ಪ್ಲಾನ್ ಅನುಮತಿನೂ ಕೊಡೋ ಹಾಗಿಲ್ಲ, ಕಂಪ್ಲೀಷನ್ ಸರ್ಟಿಫಿಕೇಟೂ ಕೊಡೋ ಹಾಗಿಲ್ಲ. ಸೆಕ್ಷನ್ 89 ದಂಡ, ಮೊದಲ ಸಲ 10 ಸಾವಿರದವರೆಗೆ, ಆಮೇಲೆ 50 ಸಾವಿರದಿಂದ 5 ಲಕ್ಷ.

ಇಷ್ಟಿದ್ರೂ ಯಾಕೆ ಆಗಲ್ಲ ಅಂದ್ರೆ ಅಳತೆಗಳೆಲ್ಲ ಬರೀ ಮಾರ್ಗಸೂಚಿ, ಕಡ್ಡಾಯ ಅಲ್ಲ ಅಂತ ಅಧಿಕಾರಿಗಳು ಜಾರ್ಕೊಳ್ತಿದ್ರು. ಇದೇ ಅಂಶ ರಾಜೀವ್ ರತೂರಿ ಕೇಸಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು, 2024 ನವೆಂಬರ್ 8ರ ತೀರ್ಪು. ಈ ಅಳತೆಗಳ ಬಗ್ಗೆ ಇರೋ 2017ರ ನಿಯಮಗಳ 15ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ ಇದೆ ಅಂತ ಹೇಳಿ, ಬಿಟ್ಟುಬಿಡೋಕೆ ಆಗದ ಕನಿಷ್ಠ ಕಡ್ಡಾಯ ಮಾನದಂಡ 3 ತಿಂಗಳಲ್ಲಿ ಮಾಡಿ ಅಂತ ಕೇಂದ್ರಕ್ಕೆ ಹೇಳ್ತು. ಆಮೇಲೆ 2025 ಜನವರಿ 15ಕ್ಕೆ ಇನ್ನೊಂದು ತೀರ್ಪು, ದೇಶದ ಎಲ್ಲಾ ಕೋರ್ಟ್ ಆವರಣದಲ್ಲೂ ಗಂಡಸರಿಗೆ, ಹೆಂಗಸರಿಗೆ, ವಿಕಲಚೇತನರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಬೇರೆ ಬೇರೆ ಟಾಯ್ಲೆಟ್ ಇರ್ಬೇಕು ಅಂತ. ಕೋರ್ಟುಗಳಿಗೇ ಕೋರ್ಟ್ ಆದೇಶ ಮಾಡ್ಬೇಕಾದ ಪರಿಸ್ಥಿತಿ, ನಮ್ಮ ಬಾರ್ ರೂಮಿನ ಟಾಯ್ಲೆಟ್ ಬಗ್ಗೆ ನಾನು ಇಲ್ಲಿ ಮಾತಾಡಲ್ಲ.

ಬಿಳಿಕೋಲು:
ವ್ಹೀಲ್‌ಚೇರ್ ಸಿಂಬಲ್ ಹಾಕಿದ್ರೆ ಎಲ್ಲಾ ಮುಗೀತು ಅನ್ನೋ ಭಾವನೆ ಇದೆ, ಕಾಯ್ದೆಯಲ್ಲಿ 21 ಥರದ ಅಂಗವೈಕಲ್ಯ ಇದೆ ಸ್ವಾಮಿ. ನಂಗೆ ಕಣ್ಣು ಕಾಣಲ್ಲ, ಕಾಲು ಗಟ್ಟಿ ಇದೆ, ನಂಗೆ ದೊಡ್ಡ ರೂಮು ಬೇಡ, ಬಾಗಿಲು ಯಾವುದು ಅಂತ ಗೊತ್ತಾದ್ರೆ ಸಾಕು. ಎಲ್ಲಾ ಕಡೆ ಗಂಡಸು ಹೆಂಗಸು ಅಂತ ಚಿತ್ರ, ಅದೂ ಕೆಲವು ಕಡೆ ಮೀಸೆ ಪೇಟ ಅಂತ ಕಲೆ ತೋರ್ಸಿರ್ತಾರಂತೆ, ಕೈಯಲ್ಲಿ ಮುಟ್ಟಿ ನೋಡಿದ್ರೆ ಬರೀ ನುಣ್ಣಗಿನ ಸ್ಟಿಕ್ಕರ್. ಉಬ್ಬು ಅಕ್ಷರ, ಬ್ರೈಲ್ ಒಂದು ಪ್ಲೇಟ್ ಹಾಕೋಕೆ ಎಷ್ಟು ಖರ್ಚಾಗುತ್ತೆ.

ಒಳಗೆ ಹೋದ್ಮೇಲೆ ಬೇಸಿನ್ ಎಲ್ಲಿ, ಫ್ಲಶ್ ಎಲ್ಲಿ, ಮಗ್ ಎಲ್ಲಿ ಅಂತ ಕೈಯಲ್ಲೇ ಹುಡುಕ್ಬೇಕು, ಪಬ್ಲಿಕ್ ಟಾಯ್ಲೆಟಲ್ಲಿ ಕೈಯಲ್ಲಿ ಹುಡುಕೋದು ಅಂದ್ರೆ ಏನು ಅಂತ ನೀವೇ ಊಹೆ ಮಾಡ್ಕೊಳ್ಳಿ. ಎಲ್ಲಾ ಟಾಯ್ಲೆಟಲ್ಲೂ ಫ್ಲಶ್ ಬಲಗಡೆ, ನಲ್ಲಿ ಎಡಗಡೆ ಅಂತ ಒಂದೇ ನಮೂನೆ ಮಾಡಿದ್ರೆ ನಮ್ಗೆ ಅರ್ಧ ಪ್ರಾಬ್ಲಮ್ ಕಮ್ಮಿ. ಮೆಟ್ರೋ ಪರವಾಗಿಲ್ಲ, ಟ್ಯಾಕ್ಟೈಲ್ ಟೈಲ್ಸ್ (ಕಾಲಿಗೆ, ಕೋಲಿಗೆ ಗೊತ್ತಾಗೋ ಉಬ್ಬು ಟೈಲ್ಸ್) ಹಿಡ್ಕೊಂಡು ಓಡಾಡ್ಬಹುದು, ಸ್ಟಾಫ್ ಕರ್ಕೊಂಡು ಹೋಗಿ ಬಿಡ್ತಾರೆ.

ದರ್ಶಿನಿ ಓನರ್:
ಹೋಟೆಲ್‌ನವರು ಟಾಯ್ಲೆಟ್ ಬಿಟ್ಕೊಡ್ಬೇಕು ಅಂತ ಮುಂದಿನ ಕಾಮೆಂಟ್ ಬರುತ್ತೆ ಅಂತ ಗೊತ್ತು, ಮೊದಲೇ ಹೇಳ್ಬಿಡ್ತೀನಿ. ನಂದು ದರ್ಶಿನಿ, ನಿಂತ್ಕೊಂಡು ತಿನ್ನೋ ಹೋಟ್ಲು, ಇಡೀ ಜಾಗ 400 ಚದರಡಿ, ಅದ್ರಲ್ಲಿ ಅರ್ಧ ಕಿಚನ್. ಟಾಯ್ಲೆಟ್ ಇರೋದು ಮೇಲೆ, ಕಬ್ಬಿಣದ ಸುತ್ತು ಮೆಟ್ಟಿಲು ಹತ್ತಿ. ನಾನು ಬೇಡ ಅನ್ನಲ್ಲ, ಯಾರು ಕೇಳಿದ್ರೂ ಕೀ ಕೊಡ್ತೀನಿ, ಆದ್ರೆ ವ್ಹೀಲ್‌ಚೇರ್ ಎಲ್ಲಿಂದ ಹತ್ತಿಸ್ಲಿ? 2017ರಲ್ಲಿ ದಕ್ಷಿಣ ದೆಹಲಿ ಪಾಲಿಕೆಯವ್ರು ಹೋಟೆಲ್‌ಗಳು 5 ರೂಪಾಯಿವರೆಗೆ ತಗೊಂಡು ಎಲ್ಲರಿಗೂ ಟಾಯ್ಲೆಟ್ ಬಿಡ್ಬೇಕು ಅಂತ ರೂಲ್ ಮಾಡಿದ್ರು, ಆಗ ನಮ್ಮ ಸಂಘದ ಗ್ರೂಪಲ್ಲೆಲ್ಲಾ ಗಲಾಟೆ. ಒಬ್ಬ ಕ್ಲೀನರ್ ಎಕ್ಸ್‌ಟ್ರಾ ಬೇಕು, ನೀರು ಟ್ಯಾಂಕರ್‌ದು, ಬೇಸಿಗೇಲಿ ಒಂದು ಲೋಡಿಗೆ ಎಷ್ಟು ಕೇಳ್ತಾರೆ ಗೊತ್ತಲ್ಲ.

ಲೆಸ್ಟರ್ ಕನ್ನಡಿಗ:
ಲಂಡನ್ನಿನ ರಿಚ್‌ಮಂಡಲ್ಲಿ ಇದಕ್ಕೇ ಒಂದು ಸ್ಕೀಮ್ ಇದೆ. ಅಂಗಡಿ, ಪಬ್, ಹೋಟೆಲ್‌ನವ್ರು ಟಾಯ್ಲೆಟ್ ಎಲ್ಲರಿಗೂ ಬಿಟ್ರೆ ಕೌನ್ಸಿಲ್ ವರ್ಷಕ್ಕೆ ಇಷ್ಟು ಅಂತ ದುಡ್ಡು ಕೊಡುತ್ತೆ, ಕಿಟಕಿಗೆ ಒಂದು ಸ್ಟಿಕ್ಕರ್, ಒಳಗೆ ಏನೇನು ಸೌಲಭ್ಯ ಇದೆ ಅಂತ ಅದರ ಮೇಲೆ. ಸುಮ್ನೆ ರೂಲ್ ಹೇರೋದಕ್ಕಿಂತ ಇದು ವಾಸಿ ಅಲ್ವಾ ಸರ್.

ದರ್ಶಿನಿ ಓನರ್:
ಪಾಲಿಕೆಯವ್ರು ನಮ್ಗೆ ದುಡ್ಡು ಕೊಡೋದಾ?! ಆ ಸ್ಟಿಕ್ಕರ್ ಫ್ರೇಮ್ ಹಾಕಿಸಿ ದೇವರ ಫೋಟೋ ಪಕ್ಕ ಇಡ್ತೀನಿ 🙏 ತಮಾಷೆ ಬಿಡಿ, ಪ್ರಾಪರ್ಟಿ ಟ್ಯಾಕ್ಸಲ್ಲೋ ಟ್ರೇಡ್ ಲೈಸೆನ್ಸ್ ಫೀಸಲ್ಲೋ ಕಡಿತ ಕೊಟ್ರೆ ನೆಲಮಟ್ಟದಲ್ಲಿ ಜಾಗ ಇರೋ ದೊಡ್ಡ ಹೋಟೆಲ್‌ನವ್ರು ಖಂಡಿತ ಮುಂದೆ ಬರ್ತಾರೆ.

ಮೀಟರ್ ಮಂಜ:
ಬಂಕ್‌ನೋರು ಫ್ರೀ ಬುಡ್ಲೇಬೇಕು ಅಂತ ಕಂಪನಿ ರೂಲೇ ಐತೆ ಕಣಣ್ಣ, ಬೋರ್ಡೂ ಹಾಕವ್ರೆ. ಬಂಕಲ್ಲಿ ಜಾಗನೂ ಐತೆ, ನೆಲಾನೂ ಸಮ ಐತೆ. ಆದ್ರೆ ಟಾಯ್ಲೆಟ್ ಮುಂದೆ ಮಾತ್ರ ಒಂದು ಮೆಟ್ಟಿಲು ಯಾಕ್ ಮಡಗವ್ರೋ ಗೊತ್ತಿಲ್ಲ.

ಪಾಸ್ ಇಲ್ಲದ ಪಾರ್ವತಿ:
ಶಕ್ತಿ ಯೋಜನೆ ಬಂದ್ಮೇಲೆ (2023 ಜೂನಿಂದ) ಬಸ್ ಸ್ಟ್ಯಾಂಡಲ್ಲಿ ಹೆಂಗಸರು ಎಷ್ಟು ಜಾಸ್ತಿ ಆಗಿದ್ದಾರೆ ನೋಡಿ, ಟಾಯ್ಲೆಟ್ ಮಾತ್ರ ಅಷ್ಟೇ ಇದೆ. ಬಸ್ ಫ್ರೀ, ಉಚ್ಚೆಗೆ ದುಡ್ಡು. ಗಂಡಸರಿಗೆ ನಿಂತು ಹೋಗೋದು ಬಹಳ ಕಡೆ ಫ್ರೀ, ನಮ್ಗೆ ಯಾವುದಕ್ಕಾದ್ರೂ ಕಾಸು. ಕ್ಯೂ ಅಷ್ಟಿದ್ರೂ ಪಕ್ಕದಲ್ಲಿ ವಿಕಲಚೇತನರ ರೂಮು ಬೀಗ ಹಾಕಿ ಸುಮ್ನೆ ಬಿದ್ದಿರುತ್ತೆ. ಮಂಡಿ ನೋವಿನ ಹೆಂಗಸ್ರು ಇಂಡಿಯನ್ ಕಮೋಡಲ್ಲಿ ಕೂತ್ರೆ ಎದ್ದೇಳೋಕೆ ಆಗಲ್ಲ, ಅವರಿಗಾದ್ರೂ ಬಿಡ್ರಪ್ಪ ಅಂದ್ರೆ ಅದು ಹ್ಯಾಂಡಿಕ್ಯಾಪ್‌ದಮ್ಮ ಅಂತಾನೆ. ಹ್ಯಾಂಡಿಕ್ಯಾಪ್‌ದೋರು ಬಂದ್ರೆ ಕೀ ಇಲ್ಲ.

ಗುತ್ತಿಗೆ ಮನೆಯವ:
ಬಹಳ ದಿನದಿಂದ ಓದ್ತಿದ್ದೆ, ಬರೀಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ತಿದ್ದೆ. ನಮ್ಮ ಮಾವ ಟಾಯ್ಲೆಟ್ ಮೇಂಟೆನೆನ್ಸ್ ಗುತ್ತಿಗೆ ಮಾಡ್ತಾರೆ, ಲೆಕ್ಕ ನಾನು ನೋಡ್ಕೋತೀನಿ, ಹೆಸರು ಊರು ಕೇಳ್ಬೇಡಿ. ಬೀಗದ ಕತೆ ಹೇಳ್ತೀನಿ.

ಚಕ್ರಧಾರಿಯವ್ರು ಹೇಳಿದ ದುಡ್ಡಿನ ಮಾತು ಅರ್ಧ ನಿಜ. ಗುತ್ತಿಗೆ ಅಂದ್ರೆ ನಾವೇ ತಿಂಗಳಿಗೆ ಇಷ್ಟು ಅಂತ ಕಟ್ಬೇಕು, ಯಾರು ಜಾಸ್ತಿ ಕೂಗ್ತಾರೋ ಅವರಿಗೆ. ಕರೆಂಟು, ನೀರು, ಪಿಟ್ ಕಟ್ಕೊಂಡ್ರೆ ಜೆಟ್ಟಿಂಗ್ ಗಾಡಿ, ಎಲ್ಲಾ ನಮ್ದೇ. ಒಂದು ರೂಮ್ ಕ್ಲೀನಿಟ್ಟೆ ಅಂತ ಯಾರೂ ಒಂದು ರೂಪಾಯಿ ಜಾಸ್ತಿ ಕೊಡಲ್ಲ, ಗಲೀಜಿಟ್ಟೆ ಅಂತ ಕಟ್ಟೂ ಮಾಡಲ್ಲ. ಇನ್ಸ್‌ಪೆಕ್ಷನ್‌ಗೆ ಬಂದೋರು ಆ ರೂಮಿನ ಬೋರ್ಡಿನ ಫೋಟೋ ತಗೋತಾರೆ, ಬಾಗಿಲು ತೆಗಿ ಅಂತ ಇದುವರೆಗೂ ಒಬ್ರೂ ಕೇಳಿಲ್ಲ.

ಉಳಿದರ್ಧ ಯಾರೂ ಹೇಳಲ್ಲ. ಅಲ್ಲಿ ಕೂತಿರ್ತಾನಲ್ಲ ಕೌಂಟರ್ ಹುಡುಗ, ಅವ್ನು ಬಿಹಾರದೋನೋ ಒಡಿಶಾದೋನೋ, 24 ಗಂಟೆ ಅಲ್ಲೇ. ಬೆಳಗ್ಗೆ ಐದಕ್ಕೆ ತೆಗೀಬೇಕು, ರಾತ್ರಿ ಹನ್ನೊಂದಕ್ಕೆ ಮುಚ್ಬೇಕು, ರೂಮ್ ಬಾಡಿಗೆ ಕೊಡೋಷ್ಟು ಸಂಬಳ ಇಲ್ಲ. ಡ್ರಾಯಿಂಗಲ್ಲಿ ಕೇರ್‌ಟೇಕರ್‌ಗೆ ಜಾಗನೇ ಇರಲ್ಲ, ಒಂದು ಕಿಟಕಿ ಒಂದು ಟೇಬಲ್ ಅಷ್ಟೇ. ಇಡೀ ಕಟ್ಟಡದಲ್ಲಿ ಒಬ್ಬ ಮನುಷ್ಯ ಉದ್ದಕ್ಕೆ ಕಾಲು ಚಾಚಿ ಮಲಗೋ ಅಷ್ಟು ದೊಡ್ಡ ರೂಮು ಒಂದೇ, ವಿಕಲಚೇತನರ ರೂಮು. ಕಮೋಡ್ ಮೇಲೆ ಹಲಗೆ ಹಾಕಿ ಅದರ ಮೇಲೆ ಸ್ಟೌ, ಹಿಡಿಕೆಗೆ ಬಟ್ಟೆ ಒಣಗಾಕಿರ್ತಾನೆ. ಅವನ ಸಾಮಾನು, ಮೊಬೈಲ್ ಚಾರ್ಜರ್, ದುಡ್ಡು ಒಳಗಿದೆ, ಅದಕ್ಕೆ ಬೀಗ. ನೀವು ಕೀ ಕೇಳಿದ್ರೆ ಅವ್ನು ಸೂಪರ್‌ವೈಸರ್ ಹತ್ರ ಇದೆ ಅಂತ ಸುಳ್ಳು ಹೇಳ್ತಾನೆ, ಕೀ ಅವನ ಜೇಬಲ್ಲೇ ಇರುತ್ತೆ.

ತಿಂಡಿಪೋತ:
ಅಯ್ಯೋ.

ಅವ್ವ ಹುಬ್ಬಳ್ಳಿ:
ಆ ಹುಡುಗಗ ಬೈಬೇಕೋ ಅಳಬೇಕೋ ತಿಳೀವಲ್ದು ನೋಡ್ರಿ. ಯಾರ ಮಗನೋ ಏನೋ, ಕಮೋಡಿನ ಮ್ಯಾಲೆ ಅಡಗಿ ಮಾಡ್ಕೊಂಡು ಉಣ್ಣೂ ಪಾಳೇ ಬಂದದ. ಆದ್ರ ನನ್ನ ಮಗಳ ಜಾಗಾನೂ ಅದs ಅಲ್ರಿ.

ಚಕ್ರಧಾರಿ:
@ಗುತ್ತಿಗೆ ಮನೆಯವ ಬರೆದಿದ್ದಕ್ಕೆ ಥ್ಯಾಂಕ್ಸ್. ಇದು ನಂಗೂ ಹೊಳೆದಿರಲಿಲ್ಲ. ಅಂದ್ರೆ ನಾನು ಜಗಳ ಆಡಿ ಬೀಗ ಒಡೆಸಿದ್ರೆ ಬೀದಿಗೆ ಬೀಳೋದು ಆ ಹುಡುಗ, ಗುತ್ತಿಗೆ ಷರತ್ತು ಬರೆದೋನಲ್ಲ. ಹಂಗಂತ ನಾನು ಬಿಡೋಕಾಗಲ್ಲ, ಆ ರೂಮು ನಂದೇ. ಕೇಳ್ಬೇಕಾದ್ದು ಎರಡು ಅಂತ ನಂಗೀಗ ಅನ್ಸುತ್ತೆ, ಟಾಯ್ಲೆಟ್ ಡ್ರಾಯಿಂಗಲ್ಲಿ ಕೇರ್‌ಟೇಕರ್‌ಗೆ ಬೇರೆ ರೂಮು ಇರ್ಲೇಬೇಕು, ಗುತ್ತಿಗೆ ದುಡ್ಡು ಕಲೆಕ್ಷನ್ ಮೇಲೆ ಅಲ್ಲ ಕ್ಲೀನ್ ಇಟ್ಟಿದ್ದಾರಾ ತೆರೆದಿಟ್ಟಿದ್ದಾರಾ ಅನ್ನೋದ್ರ ಮೇಲೆ ಇರ್ಬೇಕು. ಯಾರು ಜಾಸ್ತಿ ಕೂಗ್ತಾರೋ ಅವರಿಗೆ ಅನ್ನೋ ತನಕ ಇದು ಸರಿ ಹೋಗಲ್ಲ.

ಗುತ್ತಿಗೆ ಮನೆಯವ:
ಪಾಲಿಕೆಯವ್ರೇ ತಿಂಗಳಿಗೆ ಇಷ್ಟು ಅಂತ ನಮ್ಗೆ ಕೊಟ್ಟು, ರೂಮ್ ಮುಚ್ಚಿದ್ರೆ ಕಟ್ ಮಾಡಿ ಅಂದ್ರೆ ಮೊದಲು ಸೈನ್ ಹಾಕೋದು ನಮ್ಮ ಮಾವನೇ. ಬರೆದಿಟ್ಕೊಳ್ಳಿ.

ಸಿವಿಲ್ ಸೀನಪ್ಪ:
ಕೇರ್‌ಟೇಕರ್ ರೂಮು 8×6 ಅಡಿ ಸಾಕು, ಟ್ಯಾಂಕ್ ಸ್ಟ್ಯಾಂಡ್ ಕೆಳಗೆ ಬರುತ್ತೆ, ಆ ಜಾಗ ಹೆಂಗೂ ವೇಸ್ಟ್. ಹೊಸ ಟೆಂಡರ್ ಡ್ರಾಯಿಂಗ್ ಇದ್ರೆ ಕಳಿಸಿ, ಗುರುತು ಹಾಕಿ ಕೊಡ್ತೀನಿ. ಪ್ಲಿಂತ್ ಎತ್ತರದ ವಿಷಯಕ್ಕೂ ದಾರಿ ಇದೆ, ಉಳಿದ ಸೀಟುಗಳು ಮೇಲೆ ಇರ್ಲಿ, ವಿಕಲಚೇತನರ ಒಂದು ಸೀಟು ಮಾತ್ರ ಮ್ಯಾನ್‌ಹೋಲಿಗೆ ಹತ್ತಿರದ ಮೂಲೇಲಿ ಇಟ್ರೆ ಪೈಪ್ ಉದ್ದ ಕಮ್ಮಿ, ಸ್ಲೋಪಿಗೆ ಎತ್ತರನೂ ಕಮ್ಮಿ ಸಾಕು, ಬಹಳ ಕಡೆ ಅರ್ಧ ಅಡಿಯಲ್ಲಿ ಮುಗಿಯುತ್ತೆ. ಆಗ ರ‍್ಯಾಂಪ್ 6 ಅಡಿ ಸಾಕು, ರೂಲ್ ಪ್ರಕಾರನೇ. ಈಗ ಆ ಸೀಟನ್ನ ಹಾಕೋದು ಡ್ರಾಯಿಂಗಲ್ಲಿ ಉಳಿದ ಮೂಲೇಲಿ.

ಕಾನೂನು ಕಟ್ಟೆ:
ಡ್ರಾಯಿಂಗ್, ಗುತ್ತಿಗೆ ಕರಾರು ಎರಡೂ ಆರ್‌ಟಿಐನಲ್ಲಿ ತಗೋಬಹುದು. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ ಇರ್ಬೇಕು, ಒಂದು ಅರ್ಜಿಗೆ ಒಂದೇ ವಿಷಯ, ಫೀ 10 ರೂಪಾಯಿ, ಬಿಪಿಎಲ್ ಕಾರ್ಡಿದ್ರೆ ಅದೂ ಇಲ್ಲ. ಎಲ್ಲರೂ ಸೇರಿ ಒಂದು ದೊಡ್ಡ ಪತ್ರ ಬರೆದ್ರೆ ವಾಪಸ್ ಬರುತ್ತೆ, ಹುಷಾರು. ಬಿಬಿಎಂಪಿ ಹೋಗಿ 2025 ಸೆಪ್ಟೆಂಬರಿಂದ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಕೆಳಗೆ ಐದು ಪಾಲಿಕೆ ಆಗಿರೋದ್ರಿಂದ ಮೊದಲು ನಿಮ್ಮ ಟಾಯ್ಲೆಟ್ ಯಾವ ಪಾಲಿಕೆಗೆ ಬರುತ್ತೆ ಅಂತ ನೋಡ್ಕೊಂಡು ಹಾಕಿ, ಇಲ್ದಿದ್ರೆ ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಕಳಿಸ್ತಾನೇ ಇರ್ತಾರೆ. ಬಸ್ ಸ್ಟ್ಯಾಂಡಿಂದಾದ್ರೆ ಸಾರಿಗೆ ನಿಗಮ, ಪಾಲಿಕೆ ಅಲ್ಲ.

ಇನ್ನೊಂದು ಜಾಗ ಕೇಳಿ, ಸ್ಥಳೀಯ ಸಂಸ್ಥೆಗಳು ತಮ್ಮ ದುಡ್ಡಲ್ಲಿ ಶೇ. 5 ವಿಕಲಚೇತನರಿಗೆ ಅಂತ ಎತ್ತಿಡ್ಬೇಕು, ಅದು ಎಷ್ಟು, ಎಲ್ಲಿ ಖರ್ಚಾಯ್ತು ಅಂತ. ಅದು ಬೇರೆ ಅರ್ಜಿ. ಉತ್ತರ ಬಂದು ಬೀಗ ತೆಗೀದೆ ಇದ್ರೆ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿಗೆ ದೂರು, ಅದಕ್ಕೆ ವಕೀಲರೇ ಬೇಕು ಅಂತಿಲ್ಲ, ಫೋಟೋ ಜೊತೆ ಬಿಳಿ ಹಾಳೆ ಮೇಲೆ ಬರೆದ್ರೂ ನಡೆಯುತ್ತೆ, ಸಾಕ್ಷಿ ಕರೆಸೋದ್ರಲ್ಲಿ ಅವರಿಗೆ ಸಿವಿಲ್ ಕೋರ್ಟ್ ಥರದ ಅಧಿಕಾರ ಇದೆ.

ಬಿಳಿಕೋಲು:
ಕೇರ್‌ಟೇಕರ್ ರೂಮ್ ಮಾತು ದೂರಿನಲ್ಲೂ ಬರ್ಲಿ ಸಾರ್, ಆ ಹುಡುಗನ ಹೆಸರು ಮಾತ್ರ ಬರೀಬೇಡಿ, ಮೊದಲು ಅವನ್ನೇ ತೆಗೆದಾಕ್ತಾರೆ.

ಚಕ್ರಧಾರಿ:
ಖಂಡಿತ ಬರಿಯಲ್ಲ. ನಾನು ಜಯನಗರ ಬನಶಂಕರಿ ಕಡೆಯಿಂದ ಶುರು ಮಾಡ್ತೀನಿ, ಕರಾರಿನ ಕಾಪಿಗೆ ಒಂದು ಅರ್ಜಿ, ಡ್ರಾಯಿಂಗ್‌ಗೆ ಒಂದು. ಯಾರ್ಯಾರ ಏರಿಯಾದಲ್ಲಿ ಬೀಗ ಹಾಕಿರೋದು ಇದೆಯೋ ಕೆಳಗೆ ಬರೀರಿ, ಬೋರ್ಡಿನ ಫೋಟೋ ಬೇಡ, ಬಾಗಿಲಿನ ಅಗಲ ಟೇಪ್ ಹಿಡಿದು ಅಳೆದು ಹಾಕಿ, ಮೆಟ್ಟಿಲಿದ್ರೆ ಎತ್ತರ ಎಷ್ಟು ಇಂಚು ಅಂತ.

ಪಾಸ್ ಇಲ್ಲದ ಪಾರ್ವತಿ:
ಟೇಪ್ ಇಲ್ದೋರು ಏನ್ ಮಾಡೋದು?

ಸಿವಿಲ್ ಸೀನಪ್ಪ:
ದಿನಪತ್ರಿಕೆ ತಗೊಂಡು ಹೋಗಿ ಮೇಡಂ, ಬಾಗಿಲಿಗೆ ಅಡ್ಡ ಹಿಡಿದು ಎಲ್ಲಿಗೆ ಬರುತ್ತೋ ಅಲ್ಲಿ ಮಡಚಿ, ಮನೆಗೆ ಬಂದು ಸ್ಕೇಲಲ್ಲಿ ಅಳೀರಿ. ಫ್ರೇಮ್ ಬಿಟ್ಟು, ತೆರಪು ಮಾತ್ರ.